ನಾವಿಬ್ಬರು ಬರೆದ ಪ್ಯಾನ್ ಪರೀಕ್ಷೆ

ನನ್ನ ಗಂಡ ತೀರಿಕೊಂಡಾಗ ಹೊಳೆನರಸೀಪುರದ ನಮ್ಮ ಜೆರಾಕ್ಸ್ ಅಂಗಡಿಯನ್ನು ಮುಚ್ಚಿಬಿಡು ಅಂತ ಎಲ್ಲರೂ ಹೇಳಿದರು. ಕಾರ್ಯಗಳೆಲ್ಲ ಮುಗಿದ ಮಾರನೆಯ ದಿನವೇ ನಾನು ಹೋಗಿ ಬಾಗಿಲು ತೆಗೆದೆ. ಅದನ್ನು ಧೈರ್ಯ ಅಂದುಕೊಂಡವರಿದ್ದಾರೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂತರೆ ಗೋಡೆ ನೋಡಬೇಕಿತ್ತು, ಅಂಗಡಿಯಲ್ಲಿ ಕೂತರೆ ರಸ್ತೆಯಾದರೂ ಕಾಣುತ್ತಿತ್ತು. ನಮಗೆ ಮಕ್ಕಳಿರಲಿಲ್ಲ.

ತಾಲ್ಲೂಕು ಕಚೇರಿ ಹತ್ತಿರ ಇದ್ದುದರಿಂದ ಜನಕ್ಕೇನೂ ಕೊರತೆಯಿರಲಿಲ್ಲ. ಆದರೆ ಜೆರಾಕ್ಸಿಗೆ ಬರುವವರು ಕೂರುವುದಿಲ್ಲ. ಕಾಗದ ಕೊಟ್ಟು, ಯಂತ್ರದ ಬೆಳಕು ಒಂದು ಸಲ ಓಡಾಡುವಷ್ಟು ಹೊತ್ತು ಫೋನ್ ನೋಡಿ, ಹೊರಟುಬಿಡುತ್ತಾರೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಮಾತೆಂದರೆ 'ಎಷ್ಟು ಕಾಪಿ?' ಅನ್ನುವುದೊಂದೇ ಆಗಿರುತ್ತಿತ್ತು. ನಾಲ್ಕು ವರ್ಷ ಹೀಗೇ ಹೋಯಿತು.

ಪ್ಯಾನ್ ಕಾರ್ಡ್ ಕೇಳಿಕೊಂಡು ಬರುವವರು ಮಾತ್ರ ಬೇರೆ ರೀತಿ. ಅವರಿಗೆ ಆತುರವಿರುತ್ತಿರಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆಧಾರ್, ಫೋಟೋ, ಹಳೆಯ ಮಾರ್ಕ್ಸ್ ಕಾರ್ಡ್ ಒಂದೊಂದಾಗಿ ತೆಗೆದಿಟ್ಟು, ಬ್ಯಾಂಕಿನವರು ಏನಂದರು ಅಂತ ಮೊದಲಿನಿಂದ ಹೇಳಲು ಶುರು ಮಾಡುತ್ತಿದ್ದರು. ನಾನು 'ನಮ್ಮಲ್ಲಿ ಆಗಲ್ಲ' ಅನ್ನುತ್ತಿದ್ದೆ. ಅವರು ಮತ್ತೆ ಎಲ್ಲವನ್ನೂ ಕವರಿಗೆ ಹಾಕಿಕೊಂಡು ಎದ್ದು ಹೋಗುವುದನ್ನು ನೋಡುವಾಗ ನನಗೆ ಯಾಕೋ ಬೇಜಾರಾಗುತ್ತಿತ್ತು. ಇವರ ಅರ್ಜಿ ತುಂಬಿಕೊಡಲು ನಾನೇ ಕಲಿತರೆ ಇವರು ನನ್ನ ಎದುರು ಅರ್ಧ ಗಂಟೆಯಾದರೂ ಕೂರುತ್ತಾರಲ್ಲ ಅನ್ನಿಸಿತು. ನಾನು ತರಬೇತಿಗೆ ಹೆಸರು ಕೊಟ್ಟದ್ದಕ್ಕೆ ಕಾರಣ ಇಷ್ಟೇ.

ತರಬೇತಿ ಹಾಸನದಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ. ಮೂರು ದಿನ ಪಾಠ, ನಾಲ್ಕನೆಯ ದಿನ ಕಂಪ್ಯೂಟರಿನಲ್ಲಿ ಪರೀಕ್ಷೆ. ಪಾಸಾದವರಿಗೆ ಸರ್ಟಿಫಿಕೇಟ್ ಕೊಟ್ಟು, ಜನರ ಅರ್ಜಿ ತೆಗೆದುಕೊಳ್ಳಲು ಅನುಮತಿ ಕೊಡುತ್ತಾರೆ. ಒಳಗೆ ಹೋದರೆ ಇಪ್ಪತ್ತು ಜನ ಗಂಡಸರು, ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನವರು. ನಾನು ಬಾಗಿಲಲ್ಲೇ ನಿಂತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೈಚೀಲ ಸರಿಸಿ ಜಾಗ ಮಾಡಿ ಕರೆದಳು.

"ಬನ್ನಿ ಅಕ್ಕ, ಇಲ್ಲೇ ಕೂತ್ಕಳಿ. ನಾನೊಬ್ಳೇ ಹೆಂಗ್ಸು ಅಂತ ಎದ್ದೋಗ್ಬುಡಾನ ಅಂತಿದ್ದೆ."

ಅವಳು ಅರಕಲಗೂಡಿನವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಊರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ಹೊಲಿಗೆಯ ಜೊತೆಗೆ ಇದನ್ನೂ ಮಾಡೋಣ ಅಂತ ಬಂದಿದ್ದಳು.

ಪಾಠ ಹೇಳುವವರು ಒಂದು ವಿಷಯವನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. "ಮದುವೆಯಾದ ಹೆಂಗಸರಾದರೂ ತಂದೆ ಹೆಸರೇ ಬರೀಬೇಕು. ಗಂಡನ ಹೆಸರು ಬರೆದ್ರೆ ಅರ್ಜಿ ವಾಪಸ್ ಬರತ್ತೆ." ಮೊದಲ ಸಲ ಇದನ್ನು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಅಕ್ಕ, ನಮ್ಮಪ್ಪನ ಎಸ್ರು ಬರ್ದು ಎಷ್ಟು ವರ್ಸ ಆಯ್ತೋ," ಅಂತ ಅವಳು ಪಿಸುಗುಟ್ಟಿದಳು.

ನನಗೂ ಹಾಗೇ ಆಗಿತ್ತು. ರೇಷನ್ ಕಾರ್ಡಿನಿಂದ ಹಿಡಿದು ಮರಣ ಪ್ರಮಾಣಪತ್ರದ ಅರ್ಜಿಯವರೆಗೆ ಎಲ್ಲ ಕಡೆಯೂ ಗಂಡನ ಹೆಸರೇ ಬರೆದಿದ್ದವಳು ನಾನು. ಅಭ್ಯಾಸಕ್ಕೆ ಅಂತ ಕೊಟ್ಟ ಅರ್ಜಿಯಲ್ಲಿ ಅಪ್ಪನ ಹೆಸರನ್ನು ಚೌಕಕ್ಕೊಂದು ಅಕ್ಷರದಂತೆ ತುಂಬಿದೆ. ಆ ಕಾಗದದಲ್ಲಿ ನನ್ನ ಗಂಡ ಎಲ್ಲೂ ಇರಲಿಲ್ಲ.

ಮಧ್ಯಾಹ್ನ ಅವಳು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿ ಬಿಚ್ಚಿದಳು. ನನ್ನದು ಮೊಸರನ್ನ. ಒಬ್ಬಳಿಗೋಸ್ಕರ ರೊಟ್ಟಿ ತಟ್ಟುವುದನ್ನು ನಾನು ಎಂದೋ ಬಿಟ್ಟಿದ್ದೆ. ಅವಳು ಏನೂ ಕೇಳದೆ ಎರಡು ರೊಟ್ಟಿಯನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಮಾರನೆಯ ದಿನ ನಾನು ಬೆಳಗ್ಗೆ ಬೇಗ ಎದ್ದು ಇಬ್ಬರಿಗೂ ಆಗುವಷ್ಟು ಚಿತ್ರಾನ್ನ ಕಲಸಿದೆ. ಕಡಲೆಬೀಜ ಹುರಿಯುತ್ತಾ ಹಾಡು ಗುನುಗುತ್ತಿದ್ದೇನೆ ಅಂತ ಗೊತ್ತಾಗಿ ನನಗೇ ನಾಚಿಕೆಯಾಯಿತು.

ಮೂರನೆಯ ದಿನದ ಹೊತ್ತಿಗೆ ನಾವು ಮುಂದಿನದ್ದೆಲ್ಲ ಮಾತಾಡಿಕೊಂಡಿದ್ದೆವು. ಅರಕಲಗೂಡಿನಲ್ಲಿ ಅವಳು, ಹೊಳೆನರಸೀಪುರದಲ್ಲಿ ನಾನು. ಅನುಮಾನ ಬಂದರೆ ಒಬ್ಬರಿಗೊಬ್ಬರು ಫೋನ್ ಮಾಡುವುದು. ತಿಂಗಳಿಗೊಮ್ಮೆ ಅರ್ಜಿಗಳನ್ನು ಹಾಸನಕ್ಕೆ ತಂದುಕೊಡುವಾಗ ಒಂದೇ ದಿನ ಬಂದು, ಒಟ್ಟಿಗೆ ಊಟ ಮಾಡಿ ಹೋಗುವುದು.

ಪರೀಕ್ಷೆಯ ದಿನ ಅಕ್ಕಪಕ್ಕದ ಕಂಪ್ಯೂಟರಿನಲ್ಲೇ ಕೂತಿದ್ದೆವು. ಕೊನೆಯ ಪ್ರಶ್ನೆ ಮುಗಿಸಿ ಒತ್ತಿದರೆ ಫಲಿತಾಂಶ ತಕ್ಷಣ ಪರದೆಯ ಮೇಲೆ ಬರುತ್ತಿತ್ತು. ನನ್ನದು ಹಸಿರು ಬಣ್ಣದಲ್ಲಿ ಬಂತು. ಹತ್ತನೇ ತರಗತಿಯ ನಂತರ ನಾನು ಬರೆದ ಮೊದಲ ಪರೀಕ್ಷೆ ಅದು. "ಪಾಸಾದೆ ಕಣೇ!" ಅಂತ ಜೋರಾಗಿ ಕೂಗಿಕೊಂಡು ಅವಳ ತೋಳು ಹಿಡಿದು ಅಲ್ಲಾಡಿಸಿದೆ. ಹುಡುಗರೆಲ್ಲ ತಿರುಗಿ ನೋಡಿದರು. ಆಮೇಲೆ ಅವಳ ಪರದೆ ಕಣ್ಣಿಗೆ ಬಿತ್ತು. ಅದು ಕೆಂಪಗಿತ್ತು.

"ಓಗ್ಲಿ ಬುಡಿ ಅಕ್ಕ. ನಿಮ್ದಾಯ್ತಲ್ಲ, ಅಷ್ಟು ಸಾಕು," ಅಂದಳು. ಮೂರು ತಿಂಗಳು ಬಿಟ್ಟು ಮತ್ತೆ ಬರೆಯಬಹುದಂತೆ ಅಂತ ನಾನು ಹೇಳುತ್ತಲೇ ಇದ್ದೆ. ಅವಳು ಚೀಲಕ್ಕೆ ಡಬ್ಬಿ ತುಂಬಿಕೊಂಡು, ಅರಕಲಗೂಡಿನ ಬಸ್ಸು ಸಿಗುವುದಿಲ್ಲ ಅಂತ ಮೆಟ್ಟಿಲಿಳಿದು ಹೋದಳು. ಆ ಮಧ್ಯಾಹ್ನದ ಊಟ ಹಾಗೇ ಉಳಿಯಿತು.

ಚನ್ನರಾಯಪಟ್ಟಣದಲ್ಲಿರುವ ಅಣ್ಣನಿಗೆ ಬಸ್ಸಿನಿಂದಲೇ ಫೋನ್ ಮಾಡಿ ಪಾಸಾದದ್ದನ್ನು ಹೇಳಿದೆ. "ಒಳ್ಳೇದಾಯ್ತು ಕಣವ್ವ," ಅಂದ. ಸ್ವಲ್ಪ ತಡೆದು, "ಅದೇನು ಪರೀಕ್ಷೆ?" ಅಂತ ಕೇಳಿದ. ವಿವರಿಸುವಷ್ಟರಲ್ಲಿ ಯಾರೋ ಬಂದರು ಅಂತ ಇಟ್ಟುಬಿಟ್ಟ. ಸರ್ಟಿಫಿಕೇಟ್ ಬಂದಾಗ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ನಾನೇ ಮೊಳೆ ಹೊಡೆದೆ. ಸ್ಟೂಲಿನಿಂದ ಇಳಿದು ಹಿಂದೆ ಸರಿದು ನೋಡಿದರೆ ಸ್ವಲ್ಪ ಓರೆಯಾಗಿತ್ತು. ಎಡಕ್ಕೋ ಬಲಕ್ಕೋ ಅಂತ ಹೇಳಲು ಯಾರೂ ಇರಲಿಲ್ಲ. ಮತ್ತೆ ಹತ್ತಿ ಸರಿಮಾಡಿದೆ, ಮತ್ತೆ ಇಳಿದು ನೋಡಿದೆ.

ಅವಳಿಗೆ ಆರೇಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನಾನು ಕೂಗಿಕೊಂಡದ್ದೇ ತಪ್ಪಾಯಿತು ಅಂತ ತೀರ್ಮಾನಿಸಿಕೊಂಡೆ. ಅವಳ ಕಡೆ ನೋಡದೆ ನನ್ನದನ್ನು ಮೊದಲು ಹೇಳಿಕೊಂಡೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

ನಾನು ಬಯಸಿದಂತೆ ಜನ ಬಂದು ಕೂರತೊಡಗಿದರು. ಆದರೆ ನಾನು ಅಂದುಕೊಂಡ ಹಾಗೆ ಇರಲಿಲ್ಲ. ಅವರ ಹುಟ್ಟಿದ ದಿನ, ಅಪ್ಪನ ಹೆಸರು, ಮನೆಯ ವಿಳಾಸ ಎಲ್ಲವೂ ನನಗೆ ಗೊತ್ತಾಗುತ್ತಿತ್ತು. ಅವರಲ್ಲಿ ಯಾರೂ ನನ್ನದನ್ನು ಕೇಳುತ್ತಿರಲಿಲ್ಲ. ಅವರೇಕೆ ಕೇಳಬೇಕು, ಅದೂ ನಿಜವೇ.

ಎರಡು ತಿಂಗಳಾದ ಮೇಲೆ ಒಂದು ಅರ್ಜಿ ವಾಪಸ್ ಬಂತು. ಅರಕಲಗೂಡಿನ ಹತ್ತಿರದ ಮಲ್ಲಿಪಟ್ಟಣದ ಒಬ್ಬ ಅಜ್ಜಿಯದು. ಹೊಳೆನರಸೀಪುರದಲ್ಲಿರುವ ಮಗಳ ಮನೆಗೆ ಬಂದಿದ್ದಾಗ ನನ್ನಲ್ಲಿ ಅರ್ಜಿ ಹಾಕಿಸಿದ್ದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ, ಆ ಗುರುತಿನ ಪಕ್ಕದಲ್ಲಿ ನೋಟರಿಯೋ ದೊಡ್ಡ ಅಧಿಕಾರಿಯೋ ಸಹಿ ಮಾಡಿ ಮೊಹರು ಹಾಕಬೇಕು. ಪಾಠದಲ್ಲಿ ಹೇಳಿದ್ದರು, ಪರೀಕ್ಷೆಯಲ್ಲೂ ಕೇಳಿದ್ದರು, ನಾನು ಸರಿಯಾಗಿಯೇ ಉತ್ತರಿಸಿದ್ದೆ. ಕೆಲಸದಲ್ಲಿ ಮರೆತಿದ್ದೆ. ಅಷ್ಟು ಹೊತ್ತಿಗೆ ಅಜ್ಜಿ ಊರಿಗೆ ಹೋಗಿಬಿಟ್ಟಿದ್ದರು. ತಪ್ಪು ನನ್ನದಾದ್ದರಿಂದ ನಾನೇ ಅರಕಲಗೂಡಿಗೆ ಬರುತ್ತೇನೆ, ನೀವೂ ಅಲ್ಲಿಗೆ ಬನ್ನಿ ಅಂತ ಹೇಳಿ ಕಳಿಸಿದೆ. ಅರಕಲಗೂಡು ಅನ್ನುವಾಗ ನನ್ನ ಮನಸ್ಸಿನಲ್ಲಿ ಅಜ್ಜಿಯೊಬ್ಬರೇ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಬಸ್ಸಿಳಿದಾಗ ಅಜ್ಜಿ ಆಗಲೇ ಬಂದು ನೆರಳಿನಲ್ಲಿ ಕೂತಿದ್ದರು. ನಾನು ಕ್ಷಮೆ ಕೇಳಲು ಹೋದರೆ ಮಾತೇ ಆಡಲು ಬಿಡಲಿಲ್ಲ.

"ಅಯ್, ಅದ್ಕ್ಯಾಕವ್ವ ಮೊಕ ಸಣ್ಣಕ್ಕೆ ಮಾಡ್ಕಂಡಿದ್ದೀಯೆ? ನಾನೂ ಪ್ಯಾಟೆ ನೋಡ್ದಂಗಾಯ್ತು."

ನ್ಯಾಯಾಲಯದ ಹತ್ತಿರ ಕೂರುವ ನೋಟರಿಯ ಮುಂದೆ ಹೊಸ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿಸಿದೆ. ಮೊಹರು ಬಿತ್ತು. ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿಯಿತು. ಅಜ್ಜಿ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು.

"ಮನೇಲಿ ಯಾರವ್ರೆ ನಿಂಗೆ?"

"ಯಾರೂ ಇಲ್ಲ ಅಜ್ಜಿ."

"ಅಂಗಾರೆ ಬಾ, ಊರ್ಗೋಗಿ ಉಂಡ್ಕಂಡು ಓಗೀವಂತೆ. ಅವರೆಕಾಳು ಸಾರು ಮಾಡಿಟ್ಟು ಬಂದಿವ್ನಿ."

"ಇನ್ನೊಂದು ಸಲ ಬರ್ತೀನಿ ಅಜ್ಜಿ. ಇಲ್ಲಿ ಒಬ್ಬರನ್ನ ನೋಡಬೇಕು," ಅಂದೆ. ಅವರು ಎರಡು ಸಲ ಕರೆದರು. ಮೂರನೆಯ ಸಲ ಕರೆಯದೆ ಮಲ್ಲಿಪಟ್ಟಣದ ಬಸ್ಸಿನ ಕಡೆ ನಡೆದರು.

ಹೊಲಿಗೆ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವಳು ಯಂತ್ರದ ಮುಂದೆ ಇದ್ದಳು. ಸುತ್ತ ನಾಲ್ಕೈದು ಹೆಂಗಸರು, ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ, ಒಳಗಿನಿಂದ ಕುಕ್ಕರ್ ಸದ್ದು, ಯಾರದೋ ನಗು. ನನ್ನನ್ನು ಕಂಡು ಕಾಲು ನಿಲ್ಲಿಸಿದಳು. ಅವಳ ಮುಖದಲ್ಲಿ ಕೋಪ ಹುಡುಕಿದೆ. ಇರಲಿಲ್ಲ. ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು.

"ಅಯ್ಯೋ ಅಕ್ಕ! ಏನ್ ಇಷ್ಟು ದೂರ ಬಂದ್ಬುಟ್ರಿ? ಬನ್ನಿ, ಬನ್ನಿ. ಅತ್ತೆ, ಆಸನ್ದಲ್ಲಿ ಪರೀಕ್ಷೆಗೆ ಓಗಿದ್ನಲ್ಲ, ಆಗ ಸಿಕ್ಕಿದ್ದ ಅಕ್ಕ ಇವ್ರು."

ಕುರ್ಚಿ ಹಾಕಿದಳು, ಕಾಫಿ ತಂದುಕೊಟ್ಟಳು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಆಡಿದೆ. "ಅವತ್ತು ನಾನು ಹಾಗೆ ಕೂಗ್ಕೋಬಾರದಿತ್ತು. ನಿನಗೆ ಬೇಜಾರಾಯ್ತು ಅಂತ ಗೊತ್ತು."

ಅವಳಿಗೆ ಅರ್ಥವಾಗಲಿಲ್ಲ. "ಯಾವತ್ತು ಅಕ್ಕ?" ಅಂದಳು. ನಾನು ಮತ್ತೆ ಹೇಳಿದ ಮೇಲೆ ನಕ್ಕುಬಿಟ್ಟಳು. "ಅದಾ! ಅದ್ನ ನೀವಿನ್ನೂ ತಲೇಲಿ ಮಡೀಕಂಡಿದ್ದೀರಾ? ಆ ಬಸ್ಸಿಳಿಯೋವತ್ಗೆ ನಾನು ಮರ್ತೇಬುಟ್ಟೆ. ಮದ್ವೆ ಸೀಸನ್ ಅಕ್ಕ, ಉಸ್ರಾಡಕ್ಕೆ ಪುರ್ಸೊತ್ತಿಲ್ಲ. ಫೋನ್ ಯಾರ್ ಕೈಲಿರತ್ತೋ ಏನೋ. ಇನ್ನೆಲ್ಲಿ ಬರೀಲಿ ಆ ಪರೀಕ್ಷೆನ!"

ಒಬ್ಬ ಹೆಂಗಸು ಅಳತೆ ಬ್ಲೌಸ್ ಹಿಡಿದು ಮುಂದೆ ಬಂದಳು. ಅವಳು ನನ್ನ ಜೊತೆಗಿನ ಮಾತು ಬಿಟ್ಟು ಟೇಪು ಕೊರಳಿಗೆ ಹಾಕಿಕೊಂಡು ಎದ್ದಳು. ಆ ಹೆಂಗಸಿನ ಹಿಂದೆ ಇನ್ನೊಬ್ಬಳು. ನನ್ನ ಕಾಫಿ ಮುಗಿಯುವವರೆಗೂ ಅವಳಿಗೆ ಬಿಡುವಾಗಲಿಲ್ಲ. ಕತ್ತರಿ ಆಡಿಸುತ್ತಲೇ ಆಗಾಗ ನನ್ನ ಕಡೆ ತಿರುಗಿ, "ಅಕ್ಕ, ಊಟ ಮಾಡ್ಕಂಡೇ ಓಗ್ಬೇಕು," ಅನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮೂರು ದಿನ ಅವಳಿಗೆ ಮೂರು ದಿನವಷ್ಟೇ ಆಗಿತ್ತು. ನಾನು ಅದನ್ನು ಎರಡು ತಿಂಗಳಿನಿಂದ ಹೊತ್ತುಕೊಂಡಿದ್ದೆ. ಅವಳು ಮುನಿಸಿಕೊಂಡಿದ್ದರೇ ಚೆನ್ನಾಗಿತ್ತು, ಇಷ್ಟು ನೋವಾಗುತ್ತಿರಲಿಲ್ಲ ಅನ್ನಿಸಿತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ.

ನಿಲ್ದಾಣಕ್ಕೆ ಬಂದಾಗ ಮಲ್ಲಿಪಟ್ಟಣದ ಇನ್ನೊಂದು ಬಸ್ಸು ನಿಂತಿತ್ತು. ಒಳಗೆ ಜಾಗವೂ ಇತ್ತು. ಅಜ್ಜಿ ಇಷ್ಟು ಹೊತ್ತಿಗೆ ಊಟಕ್ಕೆ ಕೂತಿರುತ್ತಾರೆ ಅಂದುಕೊಂಡೆ. ಆಗಲೇ ಬರಲ್ಲ ಅಂದು, ಈಗ ಹೋಗಿ ಬಾಗಿಲಲ್ಲಿ ನಿಂತರೆ ಏನಂದುಕೊಳ್ಳುತ್ತಾರೆ ಅಂತ ಸಂಕೋಚವಾಯಿತು. ಕಂಡಕ್ಟರ್ ಎರಡು ಸಲ ಕೂಗಿದ. ಬಸ್ಸು ಹೊರಟಿತು. ನಾನು ಹೊಳೆನರಸೀಪುರದ ಬಸ್ಸಿಗೆ ಕಾದೆ. ಆವತ್ತು ಊಟ ಮಾಡಿದ್ದು ಮನೆಗೆ ಬಂದ ಮೇಲೆಯೇ.

ಅಜ್ಜಿಯ ಕಾರ್ಡ್ ಬಂತು. ಅದನ್ನು ನಾನೇ ಮಲ್ಲಿಪಟ್ಟಣಕ್ಕೆ ಕೊಂಡೊಯ್ಯಬೇಕು ಅಂತ ದಿನ ಗೊತ್ತು ಮಾಡಿಕೊಳ್ಳುವಷ್ಟರಲ್ಲಿ ಅವರ ಮಗಳು ಅಂಗಡಿಗೆ ಬಂದು, ಊರಿಗೆ ಹೊರಟಿದ್ದೇನೆ, ಕೊಡಿ ಅಂದರು. ಇಟ್ಟುಕೊಳ್ಳಲು ನನಗೆ ಯಾವ ಕಾರಣವೂ ಇರಲಿಲ್ಲ. "ಅಮ್ಮ ನಿಮ್ಮನ್ನ ಕೇಳ್ತಿರ್ತಾರೆ, ಉಣ್ಣದೆ ಹೋದಳು ಅಂತ," ಅಂದರು ಆಕೆ. ನಾನು ಕಾರ್ಡನ್ನು ಕವರಿಗೆ ಹಾಕಿಕೊಟ್ಟೆ.

ಅರಕಲಗೂಡಿನವಳು ಈಗ ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. "ಅಕ್ಕ, ನಮ್ ಬೀದಿಯೋರು ಇಬ್ರು ಬತ್ತಾವ್ರೆ, ಮಾಡ್ಕೊಡಿ," ಅನ್ನುತ್ತಾಳೆ. ಹಿಂದೆ ಹೊಲಿಗೆ ಯಂತ್ರ ಓಡುತ್ತಿರುತ್ತದೆ. ಮಾತು ಒಂದು ನಿಮಿಷಕ್ಕೆ ಮುಗಿಯುತ್ತದೆ. ಅವಳು ಕಳಿಸಿದವರು ಬಂದಾಗ ನಾನು ಕುರ್ಚಿ ಎಳೆದು ಕೂರಿಸಿ ಕಾಗದ ನೋಡುತ್ತೇನೆ, ತಂದೆಯ ಹೆಸರು ಕೇಳುತ್ತೇನೆ. ಹೆಂಗಸರಾದರೆ ಮೊದಲು ಗಂಡನ ಹೆಸರು ಹೇಳುತ್ತಾರೆ. ಅದಲ್ಲ, ಅಪ್ಪನದು ಅಂದಾಗ ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಆಮೇಲೆ ಹೇಳುತ್ತಾರೆ. ಅಷ್ಟು ಹೊತ್ತು ನಾನು ಪೆನ್ನು ಹಿಡಿದು ಕಾಯುತ್ತೇನೆ.