ಗಂಟಿನೊಳಗಿನ ಮಂಡಕ್ಕಿ

ಸಂಕ್ರಾಂತಿಯ ದಿನ ದಾವಣಗೆರೆಯಿಂದ ಹರಿಹರಕ್ಕೆ ನಡೆದುಹೋಗಿ ಹೊಳೆಸ್ನಾನ ಮಾಡುವುದು ನಮ್ಮ ಓಣಿಯ ಆರು ಗೆಳೆಯರ ಪದ್ಧತಿ. ಅದಕ್ಕೊಂದು ಕಟ್ಟಳೆಯಿತ್ತು. ದಂಡೆಯಲ್ಲಿ ಎಲ್ಲರೂ ಕೂತು ಉಣ್ಣುವ ಬುತ್ತಿಯನ್ನು ಹಂಚಿಕೊಂಡು ಹೊರಬೇಕು. ಹೊರಲಾರದವನು ಬಸ್ಸಿಗೆ ಬರಬೇಕು. ಬಸ್ಸಿಗೆ ಬಂದವನನ್ನು ವರ್ಷವಿಡೀ ಆಡಿಕೊಳ್ಳುತ್ತಿದ್ದೆವು. ಅದರಲ್ಲಿ ನನ್ನ ನಾಲಿಗೆಯೇ ಉದ್ದ.

ಅರವತ್ತರ ದಶಕದ ಮೊದಲಲ್ಲಿರಬೇಕು, ನನಗಾಗ ಐವತ್ತೆಂಟು. ಬಲ ಮೊಣಕಾಲು ಹಟ ಹಿಡಿದಿತ್ತು. ಆ ಸಲ ನನ್ನ ಪಾಲಿಗೆ ಬಂದದ್ದು ಎಲ್ಲರ ಸಜ್ಜೆ ರೊಟ್ಟಿ ಮತ್ತು ಎಣ್ಣೆಗಾಯಿ.

"ಭಾರ ಕಡಿಮಿ ಮಾಡ್ರಪ್ಪ ಅಂತ ಅವರಿಗೆ ಹೇಳ್ರಿ. ಅದರಾಗೆ ನಾಚಿಕಿ ಏನೈತೆ?" ಎಂದಳು ಹೆಂಡತಿ.

ನಾನು ಹೇಳಲಿಲ್ಲ. ನಸುಕಿನಲ್ಲಿ ಅವಳು ಬಚ್ಚಲೊಲೆಗೆ ಉರಿ ಹಾಕಲು ಹೋದಾಗ, ಕಟ್ಟಿಟ್ಟ ಗಂಟು ಬಿಚ್ಚಿ ಮುಕ್ಕಾಲು ಪಾಲು ರೊಟ್ಟಿಯನ್ನು ತೆಗೆದು ನೆಲುವಿನ ಮೇಲಿಟ್ಟೆ. ಆ ಜಾಗಕ್ಕೆ ಮಂಡಕ್ಕಿ ತುಂಬಿದೆ. ಗಂಟು ಮೊದಲಿಗಿಂತ ದಪ್ಪಗೆ ಕಂಡಿತು, ಎತ್ತಿದರೆ ಹತ್ತಿಯಂತೆ ಹಗುರ. ಉಣ್ಣುವ ಹೊತ್ತಿಗೆ ಏನಾದರೊಂದು ಸುಳ್ಳು ಹೊಳೆದೀತು ಎಂದುಕೊಂಡೆ.

ದಾರಿಯುದ್ದಕ್ಕೂ ನಾನೇ ಮುಂದು. ನಮ್ಮಲ್ಲೆಲ್ಲ ಹಿರಿಯರೆಂದರೆ ಹತ್ತಿ ಮಂಡಿಯಲ್ಲಿದ್ದ ಒಬ್ಬರು, ನನಗಿಂತ ಏಳು ವರ್ಷ ದೊಡ್ಡವರು. ಹೆಗಲ ಮೇಲೆ ಜಮಖಾನೆ, ಕೈಯಲ್ಲಿ ತಾಮ್ರದ ಕೊಡ ಹಿಡಿದು ಹಿಂದೆ ಬರುತ್ತಿದ್ದರು.

"ಮುಂದಿನ ವರ್ಷ ಬಸ್ಸಿಗೆ ಬರ್ರಿ, ಅಣ್ಣಾರೆ," ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು.

ಸ್ನಾನ ಮುಗಿಸಿ ಅವರ ಜಮಖಾನೆಯ ಮೇಲೆ ಕೂತೆವು. ಸುಳ್ಳು ಒಂದೂ ಹೊಳೆದಿರಲಿಲ್ಲ. ಗಂಟು ಬಿಚ್ಚಿದೆ. ಮಂಡಕ್ಕಿ ಜಮಖಾನೆಯ ತುಂಬ ಚೆಲ್ಲಿತು. ರೊಟ್ಟಿ ತಲೆಗೊಂದೂ ಇರಲಿಲ್ಲ. ಹಸಿದು ಕೂತ ಐದು ಮಂದಿಯಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೂರುವಾಗ ನಾನು ಮೊಣಕಾಲು ಹಿಡಿದುಕೊಂಡದ್ದನ್ನು ಕಂಡಿದ್ದ ಹಿರಿಯರು ಒಂದು ರೊಟ್ಟಿ ಮುರಿದು ಅರ್ಧವನ್ನು ನನ್ನ ಕೈಗಿಟ್ಟರು. "ಮೊಣಕಾಲು ನೋಯ್ತೈತೆ ಅಂತ ಒಂದ್ ಮಾತು ಅಂದಿದ್ರೆ, ನಾವು ಹೊರ್ತಿರಲಿಲ್ಲೇನು?"

ಆಮೇಲೆ ಅವರು ಮಂಡಕ್ಕಿಗೆ ಎಣ್ಣೆಗಾಯಿ ಕಲಸಿಕೊಂಡು ಉಂಡರು, ರುಚಿಯಾಗಿದೆ ಎಂದೂ ಹೇಳಿದರು.

ಮರುವರ್ಷ ಹಬ್ಬದ ಹಿಂದಿನ ಸಂಜೆ ಹಿರಿಯರು ಮನೆಮನೆಗೆ ಬಂದು ಎಲ್ಲರ ಗಂಟನ್ನೂ ಇಸಿದುಕೊಂಡರು. ನನ್ನ ಬಾಗಿಲಲ್ಲಿ ನಿಂತು, "ನೀನೇ ಹೇಳಿದ್ಯಲ್ಲಪ್ಪ, ಬಸ್ಸಿಗೆ ಬರ್ರಿ ಅಂತ. ಗಂಟೆಲ್ಲ ನನ್ ಕೂಡ ಬರ್ತಾವೆ. ನೀ ಕೈ ಬೀಸ್ಕೊಂಡು ನಡಿ," ಎಂದರು. ನನ್ನ ಗಂಟನ್ನು ತಂದು ಅವರ ಕೈಗಿಟ್ಟೆ.

ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ನಡೆದೆ. ಅರ್ಧ ದಾರಿಯಲ್ಲಿ ಬಸ್ಸು ನಮ್ಮನ್ನು ದಾಟಿತು. ಹಿರಿಯರು ತೊಡೆಯ ಮೇಲೆ ನಮ್ಮ ಗಂಟುಗಳನ್ನು ಪೇರಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಉಳಿದವರು ಕೈ ಎತ್ತಿದರು. ನಾನು ಚಪ್ಪಲಿಯ ಉಂಗುಷ್ಠ ಸರಿಮಾಡುವವನ ಹಾಗೆ ಬಗ್ಗಿದೆ.

ಹಿರಿಯರ ಕಾಲಿಗೆ ಏನೂ ಆಗಿರಲಿಲ್ಲ. ಆ ನಡಿಗೆಯೆಂದರೆ ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚು ಇಷ್ಟವಿತ್ತು.