ಖಾಲಿ ಉಳಿದಿದ್ದ ಒಂದು ಕಾರ್ಡು

ಫ್ರೆಂಚ್ ಕಲಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಭಾಷೆಯ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸದೆ, ಒಂದೇ ಲ್ಯಾಟಿನ್ ಬೇರಿನಿಂದ ಕವಲೊಡೆದ ಮನೆತನಗಳಾಗಿ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಯಿಸಿದವರು, ನಾನು ಬಲ್ಲಂತೆ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಒಬ್ಬರೇ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ‘ಬೇರಮ್ಮ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಮೂವತ್ತೊಂದು ವರ್ಷ ಅವರು ಕಟ್ಟಿದ ಪದಕುಟುಂಬಗಳ ನಿಘಂಟು ಇನ್ನೂ ಅಚ್ಚಿಗೆ ಹೋಗಿಲ್ಲ. ಅದನ್ನು ತಡೆದು ನಿಲ್ಲಿಸಿದವಳು ನಾನು. ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಬರೆಯುವ ಯೋಗ್ಯತೆ ಎಲ್ಲರಿಗಿಂತ ನನಗೇ ಕಡಿಮೆ.

ಮೇಡಂ ಸೇವೆಗೆ ಸೇರಿದಾಗ ವಿಭಾಗಕ್ಕೆ ಇದ್ದದ್ದು ಮೆಟ್ಟಿಲ ಕೆಳಗಿನ ಒಂದು ಕೋಣೆ. ಔಷಧದ ಅಂಗಡಿಯೊಂದು ಬೇಡವೆಂದು ಬಿಟ್ಟಿದ್ದ ಅರವತ್ತು ಖಾನೆಗಳ ಕಪಾಟನ್ನು ಅಲ್ಲಿಗೆ ತರಿಸಿದರು. ಒಂದು ಬೇರಿಗೆ ಒಂದು ಖಾನೆ, ಒಂದು ಖಾನೆಗೆ ಒಬ್ಬ ವಿದ್ಯಾರ್ಥಿ. ಖಾನೆ ಹಿಡಿದವರೇ ಆ ಮನೆತನದ ಪ್ರತಿ ಪದಕ್ಕೂ ಕಾರ್ಡು ಬರೆದು, ಕೆಳಗೆ ಒಂದು ಸ್ವಂತ ವಾಕ್ಯವನ್ನು ಉದಾಹರಣೆಯಾಗಿ ಕೊಡಬೇಕು. ಇನ್ನೊಬ್ಬರು ಅದಕ್ಕೆ ಕೈ ಹಾಕುವಂತಿಲ್ಲ. ಇದು ಅವರು ಹಾಕಿದ ಪದ್ಧತಿ.

ಮೊದಲ ತರಗತಿ ನೆನಪಿದೆ. “ನೀರಿಗೆ ಲ್ಯಾಟಿನ್‌ನಲ್ಲಿ ‘ಆಕ್ವಾ’. ಜನರ ಬಾಯಲ್ಲಿ ಸವೆದು ಸವೆದು ಫ್ರೆಂಚಲ್ಲಿ ಏನಾಯ್ತು? ‘ಓ’. ಅಷ್ಟೇ, ಒಂದು ಉಸಿರು. ಪಾತ್ರೆ ತೊಳೆಯೋ ಸಿಂಕು ‘ಎವಿಯೆ’. ಅದೂ ಮೀನಿನ ‘ಅಕ್ವಾರಿಯಂ’ ಕೂಡ ಒಡಹುಟ್ಟಿದವರು. ಅಕ್ಕ ಮನೆಯಲ್ಲೇ ಪಾತ್ರೆ ತಿಕ್ಕಿ ಸವೆದಳು. ತಂಗೀನ ಪಂಡಿತರು ಈಚೆಗೆ ಲ್ಯಾಟಿನ್‌ನಿಂದ ನೇರ ಕರ್ಕೊಂಡು ಬಂದ್ರು, ಮೈ ಇನ್ನೂ ನುಣ್ಣಗಿದೆ. ಗುರುತು ಸಿಗಲ್ಲ ಅಂತ ಸಂಬಂಧ ಇಲ್ಲ ಅನ್ನಬೇಡಿ.”

ನನ್ನ ಪಾಲಿಗೆ ಬಂದದ್ದು ‘ಮನೇರೆ’, ಅಂದರೆ ಉಳಿಯುವುದು, ತಂಗುವುದು. ಅದರ ಮಕ್ಕಳು ಮರಿಮಕ್ಕಳು ಅನೇಕ: ಮನೆ ಎಂಬ ‘ಮೆಝೋಂ’, ಸಂಸಾರ ಎಂಬ ‘ಮೆನಾಜ್’, ಬಂಗಲೆ ಎಂಬ ‘ಮನ್ವಾರ್’, ಖಾಯಂ ಎಂಬ ‘ಪೆರ್ಮನಾಂ’. “ಮನೇರೆ ಅಂದ ತಕ್ಷಣ ನಮ್ಮ ಮನೆ ಜೊತೆ ಬೀಗತನ ಬೆಳೆಸ್ಬೇಡಮ್ಮ. ಕೇಳೋಕೆ ಹಾಗಿದೆ, ಅಷ್ಟೆ,” ಎಂದು ಎಚ್ಚರಿಸಿಯೇ ಖಾನೆ ಕೊಟ್ಟರು.

ನನ್ನ ಗಂಡ ಅಚ್ಚುಕೂಟದಲ್ಲಿ ಪುಟ ಜೋಡಿಸುವ ಕೆಲಸದಲ್ಲಿದ್ದರು. ಈ ನಿಘಂಟು ಅವರ ಕೈಗೇ ಬರಬೇಕಿತ್ತು. “ನಿಮ್ಮ ಬೇರಮ್ಮ ಮುಗಿಸೋದು ಯಾವಾಗ, ನಾನು ಜೋಡಿಸೋದು ಯಾವಾಗ? ಅಷ್ಟೊತ್ತಿಗೆ ನನ್ನ ತಲೆ ಬೆಳ್ಳಗಾಗಿರುತ್ತೆ ಕಣೇ,” ಎನ್ನುತ್ತಿದ್ದರು. ಆಗಲಿಲ್ಲ. ಎರಡು ವರ್ಷದ ಹಿಂದೆ, ಮೂವತ್ತಮೂರನೆಯ ವಯಸ್ಸಿನಲ್ಲಿ, ಮೂರು ದಿನದ ಜ್ವರದಲ್ಲಿ ತೀರಿಕೊಂಡರು.

ಏಳು ತಿಂಗಳು ನಾನು ಆ ಕೋಣೆಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ಮೇಡಂ ಮನೆಗೇ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಚೀಲದಿಂದ ದಪ್ಪ ಹಾಳೆಗಳ ಕಟ್ಟು, ಕತ್ತರಿ, ಅಳತೆಪಟ್ಟಿ ತೆಗೆದಿಟ್ಟರು.

“ಕಾರ್ಡು ಕತ್ತರಿಸೋಕೆ ಜನ ಇಲ್ಲ. ಬರೆಯೋದು ಬೇಡ, ಕತ್ತರಿಸಿ ಕೊಡ್ತೀಯಾ?”

“ಕೊಡಿ, ತಾಯಿ, ಕೈಗೆ ಏನಾದ್ರೂ ಕೊಡಿ,” ಎಂದರು ನನ್ನ ಅತ್ತೆ. “ಗೋಡೆಯಾದ್ರೂ ಇವಳಿಗಿಂತ ಹೆಚ್ಚು ಮಾತಾಡುತ್ತೆ.”

ಎಂಟು ನೂರು ಕಾರ್ಡು ಕತ್ತರಿಸಿದೆ. ಕೊನೆಗೆ ಅವುಗಳಲ್ಲೇ ಬರೆಯತೊಡಗಿದೆ. ನಲವತ್ತೊಂದು ತುಂಬಿಸಿ ತೆಗೆದುಕೊಂಡು ಹೋದೆ. ನಿಘಂಟಿನ ಕೆಲಸದಲ್ಲಿ ಮೇಡಂ ಜೊತೆಗಿದ್ದ ಸಹಸಂಪಾದಕರು ಓದುತ್ತಾ ಓದುತ್ತಾ ಕನ್ನಡಕ ತೆಗೆದರು.

“ಏನ್ರೀ ಇದು? ‘ಅವನು ಸಂಜೆ ಮನೆಗೆ ಬರುತ್ತಾನೆ.’ ‘ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ.’ ಬಂಗಲೆ ಅನ್ನೋ ಕಾರ್ಡಲ್ಲೂ ಇವನೇ ಬಾಗಿಲು ತಟ್ತಾನೆ! ಯಾರ್ರೀ ಈ ಪುಣ್ಯಾತ್ಮ, ನಲವತ್ತೊಂದು ಸಲ ಮನೆಗೆ ಬರೋನು?”

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೇಡಂ ಕಾರ್ಡುಗಳನ್ನು ಅವರ ಕೈಯಿಂದ ತೆಗೆದುಕೊಂಡು, ನಿಂತೇ, ಎಲ್ಲವನ್ನೂ ಓದಿದರು.

“ಬರ್ಲಿ ಬಿಡಿ,” ಎಂದರು. “ನಿಘಂಟಲ್ಲಿ ಮನೆ ಇದ್ದಮೇಲೆ ಯಾರಾದ್ರೂ ಬರಬೇಕಲ್ಲ.”

ಸಹಸಂಪಾದಕರು ತಲೆ ತಗ್ಗಿಸಿದರು. ನಂತರ ಅವರೇ ನನಗೆ ಕುರ್ಚಿ ಎಳೆದು ಕೊಟ್ಟರು.

ಒಂದು ಕಾರ್ಡು ಮಾತ್ರ ಖಾಲಿ ಉಳಿಯಿತು, ‘ಪೆರ್ಮನಾಂ’. ಖಾಯಂ ಎಂಬ ಮಾತು ಸೇರಿಸಿ ನನ್ನಿಂದ ಒಂದು ವಾಕ್ಯವೂ ಆಗಲಿಲ್ಲ. ಉಳಿದ ಐವತ್ತೊಂಬತ್ತು ಖಾನೆಗಳ ಕೆಲಸ ಮುಗಿದು ವರ್ಷವಾಯಿತು. ಅಚ್ಚುಕೂಟದವರು ಮೂರು ಸಲ ಬಂದು ಹೋದರು. ಬೇರೆ ಯಾರಿಂದಲಾದರೂ ಬರೆಸಿಬಿಡಿ ಎಂದು ಹಲವರು ಹೇಳಿದರು. “ಅದು ಅವಳ ಮನೆ ಮಗು, ಅವಳೇ ಕರ್ಕೊಂಡು ಬರ್ತಾಳೆ,” ಎಂದು ಮೇಡಂ ಕಾದರು. ತಮ್ಮ ಸೇವಾವಧಿಯಲ್ಲೇ ಪುಸ್ತಕ ನೋಡುವ ಆಸೆ ಅವರಿಗೆ ಎಷ್ಟಿತ್ತೆಂಬುದು ನನಗೆ ಗೊತ್ತು. ಆ ಆಸೆಯನ್ನು ನನಗೋಸ್ಕರ ಬಿಟ್ಟುಕೊಟ್ಟರು. ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ.

ಈಗಲೂ ಸಂಜೆ ಬಾಗಿಲಿನ ಕಡೆ ಕಿವಿ ಹೋಗುತ್ತದೆ. ಅದು ನಿಲ್ಲುವಂತೆ ಕಾಣುವುದಿಲ್ಲ.

ಮೇಡಂ, ಆ ಕಾರ್ಡನ್ನು ಇಂದು ಬೆಳಿಗ್ಗೆ ಬರೆದೆ. ಈ ಲೇಖನದ ಜೊತೆಗೇ ಕಳಿಸುತ್ತಿದ್ದೇನೆ. ವಾಕ್ಯ ಹೀಗಿದೆ: ‘ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವರಿಗೆ ಖಾಯಂ ಜಾಗವಿದೆ, ಅವರು ನಾಳೆಯೂ ಬರುತ್ತಾರೆ.’ ಈ ಉದಾಹರಣೆ ಸುಳ್ಳಾಗದಂತೆ ಬಹಳ ಕಾಲ ಬಾಳಿರಿ.