ಅಂಗೈ ಮೇಲಿನ ರದ್ದು

ಕಂಬಳಿ ಕಾರ್ಖಾನೆಯ ಷೇರು ವಿಭಾಗದಲ್ಲಿ ಸೀಲು ಒತ್ತುವ ಆಕೆಗೆ ಎಲ್ಲರೂ ಇಟ್ಟ ಹೆಸರು ಸೀಲಕ್ಕ. ಹೊಸಬರು ಶೀಲಕ್ಕ ಎಂದೇ ತಿಳಿಯುತ್ತಿದ್ದರು, ಅವಳೂ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಕಾಗದಕ್ಕೆ ಒತ್ತುವ ಮೊದಲು ಸೀಲನ್ನು ಎಡ ಅಂಗೈಗೆ ಒಮ್ಮೆ ಒತ್ತಿ ನೋಡುವುದು ಅವಳ ಇಪ್ಪತ್ತಾರು ವರ್ಷಗಳ ಅಭ್ಯಾಸ. ಮಸಿ ಹೆಚ್ಚಾಗಿದ್ದರೆ ಅಲ್ಲೇ ತಿಳಿಯುತ್ತದೆ, ಕಾಗದ ಕೆಡುವುದಿಲ್ಲ.

ಆ ವರ್ಷ ಕಂಪನಿಯಲ್ಲಿ ಹಣ ಮಿಕ್ಕಿತು. ಕೆಲಸಗಾರರಿಗೆ ಹಿಂದೆ ಕೊಟ್ಟಿದ್ದ ಷೇರುಗಳನ್ನು ಒಳ್ಳೆ ಬೆಲೆಗೆ ವಾಪಸು ಕೊಳ್ಳುವುದೆಂದು ದೊಡ್ಡವರು ತೀರ್ಮಾನಿಸಿದರು. ಕೊಂಡ ಷೇರು ಇಲ್ಲವಾಗಬೇಕು. ಅದಕ್ಕೆ ಸೀಲಕ್ಕ ಷೇರು ಪತ್ರದ ಮೇಲೆ 'ರದ್ದು' ಎಂದು ಒತ್ತಬೇಕು. ಹಾಗೆ ಮಾಡಿದರೆ ಉಳಿದವರ ಪಾಲು ಹಿಗ್ಗುತ್ತದಂತೆ. ಹಿಗ್ಗಲಿ ಪಾಪ! ಬಾಯ್ಲರ್ ಮೂರು ಕಡೆ ಸೋರುತ್ತಿದ್ದದ್ದು ಮಾತ್ರ ಆ ಮಹಾನುಭಾವರ ಕಣ್ಣಿಗೆ ಬೀಳಲಿಲ್ಲ.

ಮೊದಲು ಮಾರಿದವನು ಉಣ್ಣೆಗೆ ಬಣ್ಣ ಹಾಕಿಸುವ ಮೇಸ್ತ್ರಿ. ಮಾರನೆಯ ಬೆಳಿಗ್ಗೆ ಗೇಟಿನವನು ಅವನನ್ನು ತಡೆದ.

"ಯಾರು ಬೇಕಿತ್ತು?"

ದಿನಾ ಜೊತೆಯಲ್ಲೇ ಟೀ ಕುಡಿಯುತ್ತಿದ್ದವರು. ಸೀಲಕ್ಕ ತಮಾಷೆ ಅಂದುಕೊಂಡಳು. ಆದರೆ ಬಣ್ಣದ ಮನೆಯಲ್ಲಿ ಯಾರಿಗೂ ಅಂಥ ಮೇಸ್ತ್ರಿಯ ನೆನಪೇ ಇರಲಿಲ್ಲ. ವಾರದೊಳಗೆ ಇನ್ನೂ ಹನ್ನೊಂದು ಜನ ಹಾಗೇ ಗೇಟಿನಾಚೆ ಉಳಿದರು. ಎಲ್ಲರ ಪತ್ರಕ್ಕೂ ಸೀಲು ಬಿದ್ದಿತ್ತು. ನೆನಪಿದ್ದದ್ದು ಒತ್ತಿದವಳೊಬ್ಬಳಿಗೇ. ಹೇಳಿದರೆ ತಲೆ ಕೆಟ್ಟಿದೆ ಅಂತಾರೆ ಎಂದು ಬಾಯಿ ಬಿಗಿಹಿಡಿದಳು.

ಶುಕ್ರವಾರ ಅವಳ ಅಣ್ಣನೇ ತನ್ನ ಷೇರು ಪತ್ರ ತಂದ. ಬಾಯ್ಲರ್ ನೋಡಿಕೊಳ್ಳುವವನು, ಗಂಡ ಸತ್ತ ಮೇಲೆ ಅವಳನ್ನು ಮನೆಗೆ ಕರೆತಂದು ಇಟ್ಟುಕೊಂಡವನು. ಅವಳು ಪತ್ರವನ್ನು ಅವನತ್ತಲೇ ತಳ್ಳಿದಳು.

"ಬೇಡ ಅಣ್ಣ, ಮಾರ್ಬೇಡ."

"ಯಾಕೆ? ಆ ದುಡ್ಡಲ್ಲಿ ಬಾಯ್ಲರ್ ರಿಪೇರಿ ಮಾಡ್ಸಿ ಅಂತ ಬಾಯಿ ಬಡ್ಕೊಂಡೆ, ಯಾರು ಕೇಳಿದ್ರು? ನಂಗಾದ್ರೂ ಒಂದಿಷ್ಟು ಬರ್ಲಿ ಬಿಡು. ಬೇಗ ಒತ್ತು ಮಾರಾಯ್ತಿ."

ಅವನು ಹೋದ. ಅವಳು ಅಭ್ಯಾಸದಂತೆ ಸೀಲನ್ನು ಅಂಗೈಗೆ ಒತ್ತಿದಳು. ಪತ್ರಕ್ಕೆ ಒತ್ತಲು ಮಾತ್ರ ಕೈ ಬರಲಿಲ್ಲ. ಕೆಲಸ ಹೋದರೆ ಹೋಗಲಿ, ಅಣ್ಣ ಉಳಿಯಲಿ ಎಂದು ಪತ್ರ ಮಡಿಸಿ ಚೀಲಕ್ಕೆ ಹಾಕಿದಳು. ಎಷ್ಟೋ ದಿನಗಳ ಮೇಲೆ ಜೀವ ಹಗುರಾಯಿತು.

ಆಮೇಲೆ ನಲ್ಲಿಯಲ್ಲಿ ಕೈ ತೊಳೆದಳು. ದಿನಾ ಸಲೀಸಾಗಿ ಹೋಗುತ್ತಿದ್ದ ಮಸಿ ಹೋಗಲಿಲ್ಲ. ಸೋಪು ಹಚ್ಚಿ ತಿಕ್ಕಿದಳು. ಇಷ್ಟು ವರ್ಷ ಅಂಗೈಗೆ ಬಿದ್ದ ಸೀಲು ಮರುಕ್ಷಣ ಕಾಗದಕ್ಕೂ ಬೀಳುತ್ತಿತ್ತು. ಇವತ್ತು ಅಂಗೈಗಷ್ಟೇ ಬಿದ್ದಿತ್ತು. ಹೊರಡುವಾಗ ಗೇಟಿನವನು ಅವಳ ನಮಸ್ಕಾರಕ್ಕೆ ತಲೆಯೆತ್ತಲಿಲ್ಲ.

ಸಂಜೆ ಬಾಗಿಲು ತೆರೆದವನು ಅಣ್ಣನೇ. ಅವಳು ಪತ್ರ ಚಾಚಿದಳು. ಅವನು ಅದರಲ್ಲಿದ್ದ ತನ್ನ ಹೆಸರು ಓದಿದ, ಅವಳ ಮುಖ ನೋಡಿದ.

"ಇದು ನಂದೇ. ತಂದ್ಕೊಟ್ರಲ್ಲ, ದೊಡ್ಡ ಉಪಕಾರ ಆಯ್ತು. ಯಾರಮ್ಮ ನೀವು?"